ಬಸವನಹುಳು ತಿನ್ನುವ ಮೀನು ಬಲೆಗೆ ಬಿದ್ದ ಮೇಲೆ: ಮಲಾವಿ ಸರೋವರದ ಒಂದು ಪ್ರಕರಣ

1992ರಲ್ಲಿ ಅಮೆರಿಕದ ಪೀಸ್ ಕೋರ್ ಸಂಸ್ಥೆಯ ಇಬ್ಬರು ಸ್ವಯಂಸೇವಕರಿಗೆ ನರಮಂಡಲದ ಕಾಯಿಲೆ ಕಾಣಿಸಿಕೊಂಡಿತು. ಕಾರಣ ಶಿಸ್ಟೊಸೋಮಾ ಹೆಮಟೋಬಿಯಂ ಎಂಬ ರಕ್ತದ ಹುಳು. ಇಬ್ಬರೂ ನೀರಿಗಿಳಿದದ್ದು ಆಫ್ರಿಕಾದ ಮಲಾವಿ ಸರೋವರದ ದಕ್ಷಿಣ ಭಾಗದ ಕೇಪ್ ಮೆಕ್ಲಿಯರ್ ಎಂಬಲ್ಲಿ, ಅದೂ ಈಜಿ ಖುಷಿಪಡಲೆಂದು. ಹುಳುವಿನಲ್ಲಿ ಹೊಸದೇನೂ ಇರಲಿಲ್ಲ. 1851ರಲ್ಲಿ ಕೈರೋದಲ್ಲಿ ಥಿಯೋಡರ್ ಬಿಲ್ಹಾರ್ಜ್ ಅದನ್ನು ಮೊದಲು ಗುರುತಿಸಿದ್ದರು. ಕಾಯಿಲೆಗೆ ಬಿಲ್ಹಾರ್ಜಿಯಾ ಎಂಬ ಇನ್ನೊಂದು ಹೆಸರು ಬಂದದ್ದೇ ಅವರಿಂದ. ಹೊಸದಾಗಿದ್ದದ್ದು ಜಾಗ. ಮಲಾವಿ ಸರೋವರದ ತೆರೆದ ದಡಗಳಲ್ಲಿ ಈ ಕಾಯಿಲೆ ಇಲ್ಲವೆಂದೇ ಎಲ್ಲರೂ ನಂಬಿದ್ದರು. ಪ್ರವಾಸಿಗರಿಗೂ ಹಾಗೆಯೇ ಹೇಳಲಾಗುತ್ತಿತ್ತು.

1993ರ ಫೆಬ್ರುವರಿಯಲ್ಲಿ ಮಲಾವಿಯಲ್ಲಿ ನೆಲೆಸಿದ್ದ ವಿದೇಶಿಯರನ್ನೂ ಬಂದುಹೋಗುವವರನ್ನೂ ಪರೀಕ್ಷೆ ಮಾಡಿದಾಗ ಸುಮಾರು ಮೂರನೇ ಒಂದು ಪಾಲಿನ ಜನರ ರಕ್ತದಲ್ಲಿ ಈ ಹುಳುವಿನ ವಿರುದ್ಧದ ಪ್ರತಿಕಾಯ ಸಿಕ್ಕಿತು. ಈ ಹುಳುವಿನ ಮರಿ ಮನುಷ್ಯನ ಮೈ ಸೇರುವ ಮೊದಲು ಬೆಳೆಯುವುದು ಬಸವನಹುಳುವಿನೊಳಗೆ; ಕೇಪ್ ಮೆಕ್ಲಿಯರ್‌ನಲ್ಲಿ ಸೋಂಕು ಹೊತ್ತ ಬಸವನಹುಳುಗಳೂ ಸಿಕ್ಕವು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಕೆಲವು ದಿನ ಈಜಿ ಹೋದವರ ರಕ್ತ ಪರೀಕ್ಷೆ ಮೊದಲಾಯಿತು. ಹುಟ್ಟಿದಾಗಿನಿಂದ ಅದೇ ನೀರಿನಲ್ಲಿ ಮೈ ತೊಳೆಯುವ ಹಳ್ಳಿಗಳ ವಿವರವಾದ ಲೆಕ್ಕ ಶುರುವಾದದ್ದು ಆಮೇಲೆ, 1998–99ರಲ್ಲಿ. ಈ ಪ್ರಕರಣವನ್ನು ಓದುವಾಗ ಈ ಕ್ರಮ ನೆನಪಿನಲ್ಲಿರಬೇಕು. ಸೋಂಕು ಏರುತ್ತಿದ್ದ ವರ್ಷಗಳಲ್ಲಿ ಹಳ್ಳಿಯ ಮಕ್ಕಳ ಸ್ಥಿತಿ ಹೇಗಿತ್ತೆಂದು ಹೇಳುವ ದಾಖಲೆ ಬಹಳ ತೆಳುವಾಗಿರುವುದಕ್ಕೆ ಅದೂ ಒಂದು ಕಾರಣ.

ಆ 1998–99ರ ಲೆಕ್ಕ ನಡೆದದ್ದು ಕೇಪ್ ಮೆಕ್ಲಿಯರ್ ಇರುವ ನಂಕುಂಬ ಪರ್ಯಾಯದ್ವೀಪದಲ್ಲಿ. ಒಳನಾಡಿನ ಹಳ್ಳಿಗಳಲ್ಲಿ ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಸೋಂಕು ಶೇ 10.2ರಿಂದ 26.4ರವರೆಗೆ ಇತ್ತು. ದಡದ ಹಳ್ಳಿಗಳಲ್ಲಿ ಶೇ 21ರಿಂದ 72.7. ಶಾಲಾಮಕ್ಕಳನ್ನು ಮಾತ್ರ ತೆಗೆದುಕೊಂಡರೆ ಒಳನಾಡಿನಲ್ಲಿ ಶೇ 15.3ರಿಂದ 57.1, ದಡದ ಶಾಲೆಗಳಲ್ಲಿ ಶೇ 56.2ರಿಂದ 94. ಶೇ 94 ಎಂದರೆ ತರಗತಿಯಲ್ಲಿ ಸೋಂಕಿಲ್ಲದ ಮಗುವನ್ನು ಹುಡುಕಬೇಕಾದ ಸ್ಥಿತಿ. ಇಂಥ ಊರಿನಲ್ಲಿ ಹುಡುಗರ ಮೂತ್ರದಲ್ಲಿ ರಕ್ತ ಕಂಡರೆ ಯಾರೂ ಗಾಬರಿಯಾಗುವುದಿಲ್ಲ, ಬೆಳೆಯುವ ವಯಸ್ಸಿನಲ್ಲಿ ಎಲ್ಲರಿಗೂ ಆಗುವುದು ಎಂದುಕೊಂಡು ಸುಮ್ಮನಾಗುತ್ತಾರೆ. ಚಿಚೇವಾ ಭಾಷೆಯಲ್ಲಿ ಕಾಯಿಲೆಯ ಹೆಸರು ಲಿಕೋಡ್ಝೊ.

ಜಾಗದ ಬಗ್ಗೆ ಒಂದಿಷ್ಟು. ಮಲಾವಿ, ಮೊಝಾಂಬಿಕ್, ಟಾಂಜಾನಿಯಾ ದೇಶಗಳ ನಡುವೆ ಉತ್ತರ ದಕ್ಷಿಣವಾಗಿ 550 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚಾಚಿಕೊಂಡ, ಸುಮಾರು 700 ಮೀಟರ್ ಆಳದ ಸರೋವರ ಇದು. ಸಿಕ್ಲಿಡ್ ಜಾತಿಯ ಮೀನುಗಳ ವೈವಿಧ್ಯದಲ್ಲಿ ಇದನ್ನು ಮೀರಿಸುವ ಸರೋವರ ಭೂಮಿಯ ಮೇಲಿಲ್ಲ. ನೂರಾರು ಪ್ರಭೇದಗಳಿವೆ, ಬಹುಪಾಲು ಬೇರೆಲ್ಲೂ ಸಿಗದಂಥವು. ದಕ್ಷಿಣ ತುದಿಯ ಒಂದು ಭಾಗ 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1984ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉದ್ಯಾನದ ನೀರಿನ ಭಾಗ ದ್ವೀಪ ಮತ್ತು ಭೂಶಿರಗಳ ದಡದಿಂದ 100 ಮೀಟರಿನವರೆಗೆ. ಅದರ ಮಧ್ಯೆ, ಉದ್ಯಾನಕ್ಕೆ ಸೇರದೆ ಉಳಿದ ತುಂಡು ನೆಲದಲ್ಲಿ, ಕೇಪ್ ಮೆಕ್ಲಿಯರ್‌ನ ದೊಡ್ಡ ಮೀನುಗಾರ ಹಳ್ಳಿ ಚೆಂಬೆ ಇದೆ. ಬಿಳಿ ಮರಳಿನ ದಡ, ತಿಳಿನೀರು. ಸ್ಕಾಟ್ಲೆಂಡಿನ ಮಿಶನರಿಗಳು 1875ರಲ್ಲಿ ಇಲ್ಲಿ ನೆಲೆಯೂರಿ, ಮಲೇರಿಯಾಕ್ಕೆ ಹೆದರಿ 1881ರಲ್ಲಿ ಉತ್ತರಕ್ಕೆ ಹೊರಟುಹೋದರು. ಅವರ ಕೆಲವು ಗೋರಿಗಳು ಇನ್ನೂ ಇವೆ. ನಿಂತ ಕೊಳಕು ನೀರು, ಕೆಸರು, ಜೊಂಡು ಇದ್ದಲ್ಲಿ ಬಿಲ್ಹಾರ್ಜಿಯಾ ಎಂಬುದು ಎಲ್ಲರ ತಲೆಯಲ್ಲಿ ಕೂತ ಚಿತ್ರ. ಇಲ್ಲಿ ಅಲೆ ಬಡಿಯುವ ಮರಳದಡದಲ್ಲಿ, ತಳ ಕಾಣುವ ನೀರಿನಲ್ಲಿ ಕಾಯಿಲೆ ಹಬ್ಬಿತ್ತು.

ಹುಳುವಿನ ಬದುಕು ಗೊತ್ತಿದ್ದರೆ ಮುಂದಿನದು ಸುಲಭ. ದೊಡ್ಡ ಹುಳುಗಳು ಜೋಡಿಯಾಗಿ ಮನುಷ್ಯನ ಮೂತ್ರಕೋಶದ ಸುತ್ತಲಿನ ಅಭಿಧಮನಿಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಗಂಡಿನ ಮೈಯ ಉದ್ದಕ್ಕೂ ಇರುವ ಮಡಿಕೆಯಲ್ಲಿ ಹೆಣ್ಣು ಸೇರಿಕೊಂಡಿರುತ್ತದೆ. ಹೆಣ್ಣು ಇಡುವ ಮೊಟ್ಟೆಯ ಒಂದು ತುದಿಯಲ್ಲಿ ಮುಳ್ಳಿದೆ. ಮೂತ್ರಕೋಶದ ಗೋಡೆ ಸೀಳಿಕೊಂಡು ಕೆಲವು ಮೊಟ್ಟೆಗಳು ಮೂತ್ರದ ಜೊತೆ ಹೊರಬೀಳುತ್ತವೆ. ರಕ್ತ ಬರುವುದು ಅದರಿಂದ. ಹೊರಬರಲಾಗದೆ ಗೋಡೆಯಲ್ಲೇ ಸಿಕ್ಕಿಕೊಂಡ ಮೊಟ್ಟೆಗಳ ಸುತ್ತ ದೇಹ ಗಂಟು ಕಟ್ಟುತ್ತದೆ, ಅಲ್ಲಿ ಸುಣ್ಣ ಸೇರಿ ಗಟ್ಟಿಯಾಗುತ್ತದೆ, ಮೂತ್ರನಾಳ ಕಿರಿದಾಗಿ ಮೂತ್ರಪಿಂಡ ಊದಿಕೊಳ್ಳುತ್ತದೆ. ಬಹಳ ವರ್ಷ ಹೀಗೇ ಮುಂದುವರಿದರೆ ಮೂತ್ರಕೋಶದ ಕ್ಯಾನ್ಸರ್ ಬರುವುದುಂಟು. ಹೆಂಗಸರಲ್ಲಿ ಮೊಟ್ಟೆಗಳು ಗರ್ಭಕಂಠ ಮತ್ತು ಯೋನಿಯ ಗೋಡೆಯಲ್ಲೂ ಸೇರಿಕೊಂಡು ಹುಣ್ಣು, ರಕ್ತಸ್ರಾವ, ಬಂಜೆತನಕ್ಕೆ ದಾರಿ ಮಾಡುತ್ತವೆ. ಇದನ್ನು ಲೈಂಗಿಕ ರೋಗವೆಂದು ತಪ್ಪು ತಿಳಿದು ಹೆಂಗಸರನ್ನು ಅವಮಾನಿಸುವುದು ಬೇರೆ.

ನೀರಿಗೆ ಬಿದ್ದ ಮೊಟ್ಟೆ ಒಡೆದು ಮಿರಾಸಿಡಿಯಂ ಎಂಬ ಮರಿ ಹೊರಬರುತ್ತದೆ. ಕೆಲವೇ ಗಂಟೆಗಳಲ್ಲಿ ತನಗೆ ಬೇಕಾದ ಜಾತಿಯ ಬಸವನಹುಳು ಸಿಗದಿದ್ದರೆ ಅದು ಸಾಯುತ್ತದೆ. ಸಿಕ್ಕಿದರೆ ಒಳಹೊಕ್ಕು ಕೆಲವು ವಾರ ತನ್ನನ್ನೇ ನಕಲು ಮಾಡಿಕೊಳ್ಳುತ್ತಾ ಬೆಳೆಯುತ್ತದೆ. ಒಳಹೊಕ್ಕದ್ದು ಒಂದೇ ಮರಿಯಾದರೂ ಹೊರಬರುವುದು ದಿನಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಸರ್ಕೇರಿಯಾಗಳು. ಬಾಲ ಕವಲೊಡೆದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿವು. ಒಂದೆರಡು ದಿನದ ಆಯಸ್ಸಿನೊಳಗೆ ಮನುಷ್ಯನ ಚರ್ಮ ಸಿಕ್ಕಿದರೆ ಕೆಲವೇ ನಿಮಿಷಗಳಲ್ಲಿ ಒಳಸೇರುತ್ತವೆ. ನೀರು ಕುಡಿಯಬೇಕಾಗಿಲ್ಲ, ಕಾಲಿಟ್ಟರೆ ಸಾಕು.

ಸೋಂಕಿನ ಬಸವನಹುಳುವನ್ನು ಪತ್ತೆ ಹಚ್ಚುವ ರೀತಿ ನೋಡಿದರೆ ಈ ಹುಳುವಿನ ದಿನಚರಿ ಅರ್ಥವಾಗುತ್ತದೆ. ದಡದಿಂದ ತಂದ ಬಸವನಹುಳುಗಳನ್ನು ಒಂದೊಂದಾಗಿ ಪುಟ್ಟ ಗಾಜಿನ ಸೀಸೆಗಳಲ್ಲಿ, ಶುದ್ಧ ನೀರಿನಲ್ಲಿ ಬಿಟ್ಟು ಬೆಳಕಿಗೆ ಇಡುತ್ತಾರೆ. ಬೆಳಕು ಬಿದ್ದ ಮೇಲೆ ಸೋಂಕಿರುವ ಬಸವನಹುಳು ಸರ್ಕೇರಿಯಾಗಳನ್ನು ಹೊರಬಿಡಲು ತೊಡಗುತ್ತದೆ. ಸೂಕ್ಷ್ಮದರ್ಶಕದಡಿಯಲ್ಲಿ ನೀರು ಬಿಳಿ ಚುಕ್ಕೆಗಳಿಂದ ನವಿರಾಗಿ ಕದಡಿದಂತೆ ಕಾಣುತ್ತದೆ. ಹೆಮಟೋಬಿಯಂ ಜಾತಿಯ ಸರ್ಕೇರಿಯಾಗಳು ಹೆಚ್ಚಾಗಿ ಹೊರಬರುವುದು ನಡುಹಗಲಿನ ಹೊತ್ತಿಗೆ. ಮನುಷ್ಯನ ಮೂತ್ರದಲ್ಲಿ ಮೊಟ್ಟೆಗಳು ಅತಿ ಹೆಚ್ಚು ಇರುವುದೂ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ. ಮಕ್ಕಳು ನೀರಿಗೆ ಹಾರುವುದು, ಬಟ್ಟೆ ಪಾತ್ರೆ ತೊಳೆಯುವುದು ಎಲ್ಲ ನಡೆಯುವುದೂ ಹಗಲಿನಲ್ಲೇ. ಸಮೀಕ್ಷೆ ಮಾಡುವವರು ಶಾಲೆಯಲ್ಲಿ ನಡುಹಗಲಿಗೆ ಮೂತ್ರ ಪಡೆದು, ಹತ್ತು ಮಿಲಿಲೀಟರ್ ಸೋಸಿ ಮೊಟ್ಟೆ ಎಣಿಸುವುದು ಇದೇ ಕಾರಣಕ್ಕೆ. ಐವತ್ತು ಅಥವಾ ಹೆಚ್ಚು ಮೊಟ್ಟೆ ಕಂಡರೆ ಅದು ತೀವ್ರ ಸೋಂಕು.

ಬೆಳಕಿಗಿಡುವ ಈ ಪರೀಕ್ಷೆಯಲ್ಲಿ ಎಡವುವ ಸಾಧ್ಯತೆಯೂ ಇದೆ. ದನಕರುಗಳ ಶಿಸ್ಟೊಸೋಮ ಹುಳುವಿನ ಸರ್ಕೇರಿಯಾವೂ ಕವಲುಬಾಲದ್ದೇ, ನೋಡಲು ಒಂದೇ ಥರ. ಡಿಎನ್ಎ ಪರೀಕ್ಷೆ ಇಲ್ಲದೆ ಯಾವುದು ಯಾರದೆಂದು ಹೇಳಲಾಗದು. ಜೊತೆಗೆ ಸೋಂಕು ಜೋರಾಗಿರುವ ಜಾಗದಲ್ಲೂ ನೂರು ಬಸವನಹುಳುಗಳಲ್ಲಿ ಸೋಂಕಿರುವುದು ಬೆರಳೆಣಿಕೆಯಷ್ಟು, ಕೆಲವೊಮ್ಮೆ ಒಂದೂ ಸಿಗದು. ಹುಡುಕಿದಾಗ ಸಿಗಲಿಲ್ಲವೆಂದು ನೀರು ಸುರಕ್ಷಿತ ಎನ್ನಲಾಗದು.

ಚೆಂಬೆಯಲ್ಲಿ ತೊಡಕು ಶುರುವಾದದ್ದು ಯಾವ ಬಸವನಹುಳು ಎಂಬಲ್ಲಿ. ಈ ಸೀಮೆಯಲ್ಲಿ ಹೆಮಟೋಬಿಯಂಗೆ ಆಶ್ರಯ ಕೊಡುವುದು ಬುಲಿನಸ್ ಗ್ಲೋಬೋಸಸ್ ಎಂದು ಮೊದಲಿನಿಂದ ಗೊತ್ತಿತ್ತು. ಅದು ಜೊಂಡು, ಪಾಚಿ, ಎಲೆಗಳಿರುವ ನಿಂತ ನೀರಿನ ಪ್ರಾಣಿ. ತೊರೆ ಸರೋವರಕ್ಕೆ ಸೇರುವಲ್ಲಿ, ಗಾಳಿ ಬಡಿಯದ ಮೂಲೆಗಳಲ್ಲಿ, ಮಳೆಗಾಲದ ಹೊಂಡಗಳಲ್ಲಿ ಇರುತ್ತದೆ. ಅಲೆಯ ಹೊಡೆತದ ತೆರೆದ ಮರಳಿನಲ್ಲಿ ಅದು ನಿಲ್ಲುವುದಿಲ್ಲ. ಮರಳಿನಲ್ಲಿರುವುದು ಬೇರೆ ಜಾತಿ: ಬುಲಿನಸ್ ನ್ಯಾಸಾನಸ್. ಈ ಸರೋವರ ಬಿಟ್ಟು ಇನ್ನೆಲ್ಲೂ ಇಲ್ಲದ್ದು, ಗಟ್ಟಿ ಚಿಪ್ಪಿನ, ಮರಳಿನಲ್ಲಿ ಹೂತುಕೊಂಡು ಬದುಕುವ ಪುಟ್ಟ ಬಸವನಹುಳು. ಅದು ಕಾಯಿಲೆ ಹರಡುತ್ತದೆಂದು ಯಾರೂ ಎಣಿಸಿರಲಿಲ್ಲ. ಡೆನ್ಮಾರ್ಕಿನ ಹೆನ್ರಿ ಮ್ಯಾಡ್ಸೆನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಮುರಿಯಿತು. ಈ ಸರೋವರದಲ್ಲಿ ನ್ಯಾಸಾನಸ್ ಕೂಡ ಹೆಮಟೋಬಿಯಂನ ಮಧ್ಯಂತರ ಆಶ್ರಯದಾತ ಎಂದು ಅದು ತೋರಿಸಿತು. ತೆರೆದ ದಡಕ್ಕೆ ಕಾಯಿಲೆ ಬಂದ ಬಗೆ ಇದರಿಂದ ತಿಳಿಯಿತು.

ಆದರೆ ಆ ಬಸವನಹುಳು ಹಿಂದಿನಿಂದಲೂ ಅಲ್ಲೇ ಇತ್ತಲ್ಲ. ತೆರೆದ ದಡದಲ್ಲಿ ಸೋಂಕು ಹರಡತೊಡಗಿದ್ದು 1980ರ ದಶಕದ ನಡುವಿನಿಂದ ಎನ್ನುತ್ತಾರೆ. ಆಗಿನಿಂದ ಮಾತ್ರ ಏಕೆ ತೊಂದರೆ?

ಉತ್ತರವಾಗಿ ಬಂದದ್ದು ಒಂದು ಮೀನು. ಹೆಸರು ಟ್ರೆಮಾಟೊಕ್ರಾನಸ್ ಪ್ಲಾಕೊಡಾನ್. ಸಿಕ್ಲಿಡ್ ಮೀನುಗಳಿಗೆ ಬಾಯಿಯ ದವಡೆಯಲ್ಲದೆ ಗಂಟಲಿನಲ್ಲಿ ಇನ್ನೊಂದು ಜೊತೆ ದವಡೆ ಇರುತ್ತದೆ. ಈ ಮೀನಿನ ಗಂಟಲ ದವಡೆ ದಪ್ಪಗಿದೆ, ಅದರ ಹಲ್ಲುಗಳು ಚೂಪಾಗಿರದೆ ದುಂಡಗೆ, ನಮ್ಮ ದವಡೆ ಹಲ್ಲಿನಂತೆ ಅರೆಯಲು ತಕ್ಕವಾಗಿವೆ. ಮರಳಿನಿಂದ ಎತ್ತಿಕೊಂಡ ಬಸವನಹುಳು ಗಂಟಲಿಗೆ ಹೋಗುತ್ತಲೇ ಚಿಪ್ಪು ಪುಡಿಯಾಗುತ್ತದೆ. ಮೀನಿಗೆ ಇಷ್ಟವಾದ ಜಾಗವೂ ನ್ಯಾಸಾನಸ್ ಇರುವ ಜಾಗವೇ: ದಡಕ್ಕೆ ಹತ್ತಿರದ, ಆಳವಿಲ್ಲದ ಮರಳು. ಎಳೆಬಲೆ ಬೀಳುವುದೂ ಅಲ್ಲೇ. ದೋಣಿಯಲ್ಲಿ ಬಲೆಯನ್ನು ಅರ್ಧವೃತ್ತವಾಗಿ ಬಿಟ್ಟು, ಎರಡು ತುದಿಗಳನ್ನು ದಡದಿಂದ ಜನ ಸೇರಿ ಎಳೆಯುತ್ತಾರೆ. ಬಲೆಯ ಕೆಳಅಂಚು ತಳವನ್ನು ಸವರಿಕೊಂಡೇ ಬರುತ್ತದೆ. ಕಣ್ಣು ಸಣ್ಣದಾದಷ್ಟು ಮರಿಗಳೂ ಉಳಿಯುವುದಿಲ್ಲ. ಬಲೆಯ ಕೊನೆಗೆ ಸೊಳ್ಳೆಪರದೆ ಹೊಲಿದುಕೊಂಡರೆ ಏನೂ ಉಳಿಯುವುದಿಲ್ಲ.

ಮೀನಿಗೆ ಮತ್ತೊಂದು ಅನನುಕೂಲ ಅದರ ಸಂಸಾರದ ರೀತಿ. ಗಂಡು ಮರಳಿನಲ್ಲಿ ಗುಂಡಿಯಂಥ ಗೂಡು ಕಟ್ಟುತ್ತದೆ, ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಬಾಯಲ್ಲಿ ಎಷ್ಟು ಮೊಟ್ಟೆ ಹಿಡಿಸೀತು? ಲಕ್ಷಗಟ್ಟಲೆ ಮೊಟ್ಟೆ ಚೆಲ್ಲುವ ಮೀನುಗಳಂತೆ ಒಂದೆರಡು ಒಳ್ಳೆಯ ವರ್ಷಗಳಲ್ಲಿ ಅದು ಚೇತರಿಸಿಕೊಳ್ಳಲಾರದು. ಇದೇ ಕಾಲಕ್ಕೆ ಸರೋವರದ ದಕ್ಷಿಣ ಭಾಗದಲ್ಲಿ ಜನರ ಮೆಚ್ಚಿನ ಚಾಂಬೋ ಮೀನಿನ ಹಿಡಿತವೂ ಕುಸಿಯಿತು. ದೊಡ್ಡ ಮೀನು ಸಿಗದೆ ಹೋದಂತೆ ಸಣ್ಣ ಕಣ್ಣಿನ ಬಲೆ, ದಡಕ್ಕೆ ಹತ್ತಿರದ ಮೀನುಗಾರಿಕೆ ಹೆಚ್ಚಿತು. ಮೀನುಗಾರರನ್ನು ದೂರುವುದು ಸುಲಭ. ಆದರೆ ಮಲಾವಿಯಲ್ಲಿ ಮಾಂಸಾಹಾರದ ಪ್ರೋಟೀನ್ ಎಂದರೆ ಮುಖ್ಯವಾಗಿ ಮೀನೇ, ಸಾಗುವಳಿಗೆ ನೆಲವಿಲ್ಲದ ಮನೆಗಳಿಗೆ ಬಲೆ ಎಳೆಯುವ ಕೂಲಿಯೇ ಊಟ.

ಅಮೆರಿಕದ ಮೀನುತಜ್ಞ ಜೇ ಸ್ಟಾಫರ್, ಮ್ಯಾಡ್ಸೆನ್ ಮತ್ತು ಮಲಾವಿಯ ಸಂಶೋಧಕರು ವರ್ಷಗಳ ಕಾಲ ನೀರಿನಡಿ ಮೀನು ಎಣಿಸಿದರು, ಮರಳಿನಿಂದ ಬಸವನಹುಳು ಹೆಕ್ಕಿ ಎಣಿಸಿದರು. ಪ್ಲಾಕೊಡಾನ್ ಹೆಚ್ಚಿದ್ದಲ್ಲಿ ನ್ಯಾಸಾನಸ್ ವಿರಳ, ಮೀನು ಇಲ್ಲದಲ್ಲಿ ದಟ್ಟ. ಈ ಸಂಬಂಧವನ್ನು ಅವರು 1997, 2006 ಮತ್ತು 2011ರ ಲೇಖನಗಳಲ್ಲಿ ಮಂಡಿಸಿದರು. ಮಿತಿಮೀರಿದ ಮೀನುಗಾರಿಕೆ ಒಂದು ಮೂತ್ರಕೋಶದ ಕಾಯಿಲೆಗೆ ಕಾರಣವಾಯಿತು ಎಂಬ ವಾದ ಕೇಳಿದೊಡನೆ ನಂಬಬೇಕೆನಿಸುತ್ತದೆ, ಅಷ್ಟು ಚೊಕ್ಕವಾಗಿದೆ. ಅದಕ್ಕೇ ಸ್ವಲ್ಪ ತಡೆದು ನೋಡಬೇಕು.

ಮೊದಲನೆಯ ಆಕ್ಷೇಪ ಆ ಸಂಶೋಧಕರದ್ದೇ. ದಡದ ಹಳ್ಳಿಗಳಲ್ಲಿ ಸೋಂಕು ಹೆಚ್ಚಿರುವುದರಿಂದ ಅದೆಲ್ಲ ಸರೋವರದೊಳಗೇ ಅಂಟಿತೆಂದು ಹೇಳಲು ಬರುವುದಿಲ್ಲ ಎಂದು ಅವರೇ ಬರೆದಿದ್ದಾರೆ. ದಡದ ಹತ್ತಿರವೇ ತೊರೆ, ಹೊಂಡಗಳೂ ಹೆಚ್ಚು, ಅಲ್ಲಿ ಗ್ಲೋಬೋಸಸ್ ಇದೆ. ಒಬ್ಬ ಹುಡುಗ ಬೆಳಿಗ್ಗೆ ಹೊಂಡದಲ್ಲಿ ಆಡಿ ಮಧ್ಯಾಹ್ನ ಸರೋವರದಲ್ಲಿ ಈಜಿದರೆ ಅವನ ಮೂತ್ರದಲ್ಲಿನ ಮೊಟ್ಟೆ ಯಾವ ನೀರಿನದ್ದೆಂದು ಹೇಳುವುದಿಲ್ಲ. ಎರಡನೆಯದು ಕಾಲಾನುಕ್ರಮ. 1970ರ ದಶಕದ ಮೀನಿನ ಸಂಖ್ಯೆ, ಬಸವನಹುಳುವಿನ ಸಂಖ್ಯೆ, ಹಳ್ಳಿಯ ಸೋಂಕು ಮೂರನ್ನೂ ಒಟ್ಟಿಗೆ ಅಳೆದ ದಾಖಲೆ ಇದ್ದಿದ್ದರೆ ವಾದ ಗಟ್ಟಿಯಾಗುತ್ತಿತ್ತು. ಮೂರನೆಯದಾಗಿ, ಅದೇ ವರ್ಷಗಳಲ್ಲಿ ದಡದ ಜನಸಂಖ್ಯೆ ಏರಿತು, ಬೇರೆ ಕಡೆಯ ಜನ ಬಂದು ಸೇರಿದರು, ಗುಡ್ಡದ ಕಾಡು ಕಡಿದು ಮಣ್ಣು ನೀರಿಗೆ ಬಂತು. ನೀರಿಗೆ ಬೀಳುವ ಮೊಟ್ಟೆಯೇ ಹೆಚ್ಚಾದರೆ ಬಸವನಹುಳು ಹೆಚ್ಚದಿದ್ದರೂ ಸೋಂಕು ಹೆಚ್ಚುತ್ತದೆ.

ನನ್ನ ಅಂದಾಜು ಇಷ್ಟು: ಮೀನಿನ ಕತೆ ತೆರೆದ ಮರಳದಡದ ಮಟ್ಟಿಗೆ ನಿಲ್ಲುತ್ತದೆ, ಇಡೀ ಹಳ್ಳಿಯ ಕಾಯಿಲೆಯನ್ನು ಅದೊಂದೇ ಹೊರಲಾರದು. ಪ್ಲಾಕೊಡಾನ್ ಜೊಂಡಿನೊಳಗೆ ನುಗ್ಗಿ ಗ್ಲೋಬೋಸಸ್ ತಿನ್ನಲಾರದು, ಹೊಂಡಕ್ಕೆ ಹೋಗಲಾರದು. ಚೆಂಬೆಯ ದಡ ಒಂದೇ ಅಲ್ಲ, ಎರಡು: ಮರಳಿನದ್ದೊಂದು, ಜೊಂಡು ಮತ್ತು ತೊರೆಬಾಯಿಯದ್ದು ಇನ್ನೊಂದು. ಎರಡಕ್ಕೂ ಒಂದೇ ಪರಿಹಾರ ಹುಡುಕಿದ್ದರಿಂದಲೇ ಚರ್ಚೆ ಅಷ್ಟು ಎಳೆದಾಡಿತೆಂದು ಕಾಣುತ್ತದೆ.

ಈಗ ಪರಿಹಾರಗಳು. ಮೊದಲನೆಯದು ಮಾತ್ರೆ. ಪ್ರಾಝಿಕ್ವಾಂಟೆಲ್, ದೇಹದ ಪ್ರತಿ ಕಿಲೋ ತೂಕಕ್ಕೆ 40 ಮಿಲಿಗ್ರಾಂ, ಒಂದೇ ಸಲ. 1970ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ಔಷಧಕ್ಕೆ ಸಮನಾದದ್ದು ಇಂದಿಗೂ ಬಂದಿಲ್ಲ. ಶಾಲೆಯಲ್ಲಿ ತಕ್ಕಡಿ ಬೇಕಿಲ್ಲ. ಗುರುತು ಹಾಕಿದ ಕೋಲಿನ ಪಕ್ಕ ಮಗುವನ್ನು ನಿಲ್ಲಿಸಿ, ಎತ್ತರ ನೋಡಿ ಮಾತ್ರೆ ಎಣಿಸಿ ಕೊಡುತ್ತಾರೆ. ಮಾತ್ರೆ ದೊಡ್ಡದು, ಕಹಿ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆನೋವು, ವಾಂತಿ. ಒಬ್ಬ ಮಗು ವಾಂತಿ ಮಾಡಿಕೊಂಡರೆ ಮುಂದಿನ ಸಲ ಅರ್ಧ ತರಗತಿ ಮನೆಯಲ್ಲೇ ಉಳಿಯುತ್ತದೆ. ಆದ್ದರಿಂದ ಮಾತ್ರೆಯ ದಿನ ಮಕ್ಕಳಿಗೆ ಮೊದಲು ಏನಾದರೂ ತಿನ್ನಲು ಕೊಡುವುದು ಸಣ್ಣ ವಿಷಯವೇನಲ್ಲ.

ಮಾತ್ರೆ ಕೆಲಸ ಮಾಡುತ್ತದೆ. ಆದರೆ ಅದು ಕೊಲ್ಲುವುದು ಬೆಳೆದ ಹುಳುಗಳನ್ನು ಮಾತ್ರ. ಕಳೆದ ಕೆಲವು ವಾರಗಳಲ್ಲಿ ಒಳಸೇರಿದ ಎಳೆಯ ಹುಳುಗಳು ಉಳಿದುಕೊಳ್ಳುತ್ತವೆ. ಮುಂದಿನ ಸೋಂಕನ್ನು ಅದು ತಡೆಯುವುದೂ ಇಲ್ಲ. ಮಾತ್ರೆ ನುಂಗಿದ ಸಂಜೆಯೇ ಹುಡುಗ ಅದೇ ನೀರಿಗೆ ಹಾರುತ್ತಾನೆ, ಎರಡು ಮೂರು ತಿಂಗಳಲ್ಲಿ ಮೂತ್ರದಲ್ಲಿ ಮತ್ತೆ ಮೊಟ್ಟೆ. ಶಾಲೆಯ ಮೂಲಕ ಹಂಚುವುದರಿಂದ ಇನ್ನೂ ಶಾಲೆಗೆ ಹೋಗದ ಮಕ್ಕಳು, ಶಾಲೆ ಬಿಟ್ಟವರು, ದಿನವಿಡೀ ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲುವ ಬಲೆಯ ಆಳುಗಳು, ಬಟ್ಟೆ ಒಗೆಯುವ ಹೆಂಗಸರು ಎಲ್ಲ ಹೊರಗುಳಿಯುತ್ತಾರೆ. ಕಂಕುಳಲ್ಲಿ ಮಗು ಎತ್ತಿಕೊಂಡು ದಡಕ್ಕೆ ಬಂದ ತಾಯಿ ಅದನ್ನು ಅದೇ ನೀರಿನಲ್ಲಿ ಮೀಯಿಸುತ್ತಾಳೆ. ಹೀಗಾಗಿ ಒಂದೆರಡು ವರ್ಷದ ಕೂಸಿಗೂ ಸೋಂಕು ತಗಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಈ ಅಂತರವನ್ನು ಒಪ್ಪಿಕೊಂಡು, ಸೋಂಕು ಶೇ 10 ಅಥವಾ ಹೆಚ್ಚಿರುವ ಕಡೆ ಎರಡು ವರ್ಷ ತುಂಬಿದ ಎಲ್ಲರಿಗೂ ವರ್ಷಕ್ಕೊಮ್ಮೆ ಔಷಧ ಕೊಡಬೇಕೆಂದು ಹೇಳಿತು. ಎಳೆಯ ಮಕ್ಕಳಿಗೆ ತಕ್ಕ, ನೀರಿನಲ್ಲಿ ಕರಗುವ ಆರ್‌ಪ್ರಾಝಿಕ್ವಾಂಟೆಲ್‌ಗೆ 2023ರ ಡಿಸೆಂಬರಿನಲ್ಲಿ ಯುರೋಪಿನ ಔಷಧ ಸಂಸ್ಥೆಯ ಅನುಕೂಲ ಅಭಿಪ್ರಾಯ ಸಿಕ್ಕಿತು.

ಎರಡನೆಯದು ಬಸವನಹುಳುವಿಗೆ ವಿಷ. ನಿಕ್ಲೋಸಮೈಡ್ ಎಂಬ ರಾಸಾಯನಿಕ ಬೇರೆ ದೇಶಗಳ ಕಾಲುವೆ, ಹೊಂಡಗಳಲ್ಲಿ ಚೆನ್ನಾಗಿ ನಡೆದಿದೆ. ಅದು ಮೀನನ್ನೂ ಕೊಲ್ಲುತ್ತದೆ. ಮೀನಿಗಾಗಿಯೇ ವಿಶ್ವ ಪರಂಪರೆಯೆನಿಸಿದ ಸರೋವರದಲ್ಲಿ ಅದನ್ನು ಸುರಿಯುವ ಮಾತೇ ಬರುವುದಿಲ್ಲ, ಸುರಿದರೂ ಅಲೆಯ ನೀರಿನಲ್ಲಿ ನಿಲ್ಲದು. ಸರೋವರಕ್ಕೆ ಸೇರದ ಹೊಂಡಗಳಲ್ಲಿ ಬಳಸಬಹುದೇ ಎಂಬುದು ಬೇರೆ ಪ್ರಶ್ನೆ.

ಮೂರನೆಯದು ನೀರು ಮತ್ತು ಕಕ್ಕಸು. ಇದನ್ನು ಎಲ್ಲ ವರದಿಗಳೂ ಕೊನೆಯ ಪ್ಯಾರಾದಲ್ಲಿ ಬರೆಯುತ್ತವೆ. ಕೊಳವೆಬಾವಿ ಕುಡಿಯುವ ನೀರಿನ ಕಷ್ಟ ತೀರಿಸುತ್ತದೆ ನಿಜ. ಆದರೆ ಒಂದು ಮನೆಯ ವಾರದ ಬಟ್ಟೆ ಒಗೆಯಲು ಎಷ್ಟು ಬಿಂದಿಗೆ ಬೇಕೆಂದು ಲೆಕ್ಕ ಹಾಕಿದರೆ, ಕಣ್ಣೆದುರು ಸರೋವರವಿದ್ದೂ ಯಾರಾದರೂ ಪಂಪಿನ ಮುಂದೆ ಸರದಿ ನಿಲ್ಲುತ್ತಾರೆಯೇ ಎಂದು ತಿಳಿಯುತ್ತದೆ. ಬಟ್ಟೆ ಒಗೆಯುವ ಕಟ್ಟೆಯನ್ನು, ಅದಕ್ಕೆ ಬೇಕಾದಷ್ಟು ನೀರಿನ ಸಮೇತ, ಹಳ್ಳಿಯ ಒಳಗೆ ಕಟ್ಟಿಕೊಟ್ಟರೆ ಹೆಂಗಸರು ನೀರಿಗಿಳಿಯುವ ಹೊತ್ತು ನಿಜವಾಗಿ ಕಡಿಮೆಯಾಗುತ್ತದೆ. ಮಕ್ಕಳ ಈಜನ್ನು ಯಾವ ಕಟ್ಟೆಯೂ ನಿಲ್ಲಿಸದು.

ನಾಲ್ಕನೆಯದು ಮೀನನ್ನು ಮರಳಿ ತರುವುದು. ಕೊಳಗಳಲ್ಲಿ ಪ್ಲಾಕೊಡಾನ್ ಬಿಟ್ಟು ಬಸವನಹುಳುಗಳನ್ನು ಹತೋಟಿಗೆ ತರುವ ಪ್ರಯೋಗದ ಫಲಿತಾಂಶ 1991ರಲ್ಲೇ ಪ್ರಕಟವಾಗಿತ್ತು, ಮೀನು ಚೆನ್ನಾಗಿಯೇ ತಿಂದಿತು. ಆದರೆ ಇಂಥ ಪ್ರಯೋಗಗಳ ಚರಿತ್ರೆಯಲ್ಲಿ ಎಚ್ಚರಿಕೆಯೂ ಇದೆ. ವಿಕ್ಟೋರಿಯಾ ಸರೋವರದ ಕಡೆಯ ಆಸ್ಟಾಟೊರಿಯೊಕ್ರೊಮಿಸ್ ಅಲ್ಲೌಡಿ ಎಂಬ ಬಸವನಹುಳು ತಿನ್ನುವ ಮೀನನ್ನು ಕ್ಯಾಮರೂನಿನ ಕೊಳಗಳಿಗೆ ಬಿಟ್ಟರು. ಮೆತ್ತನೆಯ ಆಹಾರ ಸಿಗುವಲ್ಲಿ ಬೆಳೆದ ಮರಿಗಳ ಗಂಟಲ ದವಡೆ ದಪ್ಪವಾಗಿ ಬೆಳೆಯಲೇ ಇಲ್ಲ. ಚಿಪ್ಪು ಒಡೆಯುವ ಶಕ್ತಿಯಿಲ್ಲದ ಮೀನು ಬಸವನಹುಳುವಿನ ತಂಟೆಗೆ ಹೋಗಲಿಲ್ಲ. ಮೀನು ತಂದು ಸುರಿದರೆ ಸಾಲದು, ಅದು ಮರಿಯಿಂದಲೇ ಚಿಪ್ಪು ಅರೆಯುತ್ತಾ ಬೆಳೆಯುವ ಜಾಗ ಬೇಕು. ಚೆಂಬೆಯ ಮುಂದಿನ ಮರಳು ಅಂಥದ್ದೇ ಜಾಗ, ಬಲೆ ಬೀಳದಿದ್ದರೆ.

ಅಲ್ಲಿಗೆ ಪ್ರಶ್ನೆ ವೈದ್ಯರ ಕೈಯಿಂದ ಜಾರಿ ಮೀನುಗಾರಿಕೆ ಇಲಾಖೆಯ ಮೇಜಿಗೆ ಹೋಗುತ್ತದೆ. ಮಲಾವಿಯಲ್ಲಿ 1997ರ ಮೀನುಗಾರಿಕೆ ಕಾಯಿದೆ ಇದೆ, ದಡದ ಹಳ್ಳಿಗಳಲ್ಲಿ ಮೀನುಗಾರರ ಸಮಿತಿಗಳಿವೆ, ಬಲೆಯ ಕಣ್ಣಿನ ಅಳತೆಗೆ ನಿಯಮವಿದೆ. ಹಳ್ಳಿಯ ಮುಂದಿನ ಆಳವಿಲ್ಲದ ನೀರಿನಲ್ಲಿ ಎಳೆಬಲೆ ನಿಲ್ಲಿಸಿ ಎಂಬ ಸಂಶೋಧಕರ ಸಲಹೆ ಕಾಗದದ ಮೇಲೆ ಸರಳ. ಇದರ ನಷ್ಟ ಬೀಳುವುದು ಇವತ್ತಿನ ಬಲೆಯ ಆಳಿನ ಮೇಲೆ, ಲಾಭ ಸಿಗುವುದು ಕೆಲವು ವರ್ಷ ಬಿಟ್ಟು, ಯಾರದೋ ಮಗುವಿಗೆ. ಅದೂ ಖಾತರಿಯಲ್ಲ. ನಡುವಿನ ವರ್ಷಗಳಲ್ಲಿ ಆ ಮನೆಗಳ ಊಟಕ್ಕೆ ಏನೆಂದು ಮೊದಲೇ ಹೇಳದೆ ಹೇರಿದ ನಿಷೇಧ ರಾತ್ರಿ ಹೊತ್ತಿನ ಬಲೆಯಾಗಿ ಬದಲಾಗುತ್ತದೆ, ಅಷ್ಟೆ. ನನಗೆ ಕಾರ್ಯಸಾಧ್ಯವೆನಿಸುವುದು ಇಡೀ ದಡದ ನಿಷೇಧವಲ್ಲ. ಮಕ್ಕಳು ಈಜುವ, ಹೆಂಗಸರು ತೊಳೆಯುವ ತುಂಡನ್ನು ಸಮಿತಿಯೇ ಗುರುತಿಸಿ, ಅದರ ಮುಂದೆ ಮಾತ್ರ ಬಲೆ ಬೀಳದಂತೆ ನೋಡಿಕೊಳ್ಳುವುದು. ಹಳ್ಳಿಯ ಕಣ್ಣೆದುರಿನ ಜಾಗವಾದ್ದರಿಂದ ಕಾಯುವುದೂ ಸುಲಭ.

ಇಷ್ಟರಲ್ಲಿ ಪ್ರಕರಣವೇ ಹೊಸ ತಿರುವು ಪಡೆದಿದೆ. 2017ರಲ್ಲಿ ಸರೋವರದ ದಕ್ಷಿಣ ದಡದ ಮಂಗೋಚಿ ಜಿಲ್ಲೆಯಲ್ಲಿ ಬಸವನಹುಳು ಸಮೀಕ್ಷೆ ನಡೆದಾಗ ಬಯೋಂಫಲೇರಿಯಾ ಫೈಫರಿ ಸಿಕ್ಕಿತು. ಚಪ್ಪಟೆಯಾಗಿ ಸುರುಳಿ ಸುತ್ತಿದ ಚಿಪ್ಪಿನ ಈ ಜಾತಿ ಅದಕ್ಕೂ ಮೊದಲು ಈ ಸರೋವರದಲ್ಲಿ ದಾಖಲಾಗಿರಲಿಲ್ಲ. ಇದು ಹೊರುವುದು ಬೇರೆ ಹುಳು, ಶಿಸ್ಟೊಸೋಮಾ ಮ್ಯಾನ್ಸೊನಿ. ಅದರ ಮೊಟ್ಟೆ ಬರುವುದು ಮಲದಲ್ಲಿ, ಕೆಡುವುದು ಕರುಳು ಮತ್ತು ಯಕೃತ್ತು. ಮುಂದಿನ ಎರಡು ವರ್ಷಗಳಲ್ಲಿ ನಡೆದ ಶಾಲಾ ಸಮೀಕ್ಷೆಗಳಲ್ಲಿ ಮಕ್ಕಳಲ್ಲಿ ಕರುಳಿನ ಬಿಲ್ಹಾರ್ಜಿಯಾ ಕಂಡುಬಂತು. ಮಾತ್ರೆ ಎರಡಕ್ಕೂ ಒಂದೇ, ಆದರೆ ಪರೀಕ್ಷೆ ಒಂದೇ ಅಲ್ಲ. ಮೂತ್ರ ಸೋಸಿ ನೋಡುವ ತಂಡಕ್ಕೆ ಈ ಸೋಂಕು ಕಾಣುವುದೇ ಇಲ್ಲ, ಮೂತ್ರದಲ್ಲಿ ರಕ್ತವೂ ಬರುವುದಿಲ್ಲ. ಬಯೋಂಫಲೇರಿಯಾ ಇಷ್ಟಪಡುವುದು ಗಿಡಗಳಿರುವ ನಿಧಾನ ನೀರನ್ನು, ಎಂದರೆ ಪ್ಲಾಕೊಡಾನ್ ಕೈಲಾಗದ ಆ ಎರಡನೆಯ ದಡವನ್ನು.

ಮುಂದೆ ಚೆಂಬೆಯಲ್ಲಿ ಅಥವಾ ಅಕ್ಕಪಕ್ಕದಲ್ಲಿ ಬಲೆ ನಿಲ್ಲಿಸುವ ಪ್ರಯತ್ನ ನಡೆದರೆ ಅದರ ಫಲವನ್ನು ಶಾಲಾಮಕ್ಕಳ ಒಟ್ಟು ಸೋಂಕಿನಲ್ಲಿ ಅಳೆಯಬಾರದು, ವರ್ಷವರ್ಷದ ಮಾತ್ರೆ ಆ ಲೆಕ್ಕವನ್ನು ಕಲಸಿಬಿಡುತ್ತದೆ. ಅಳೆಯಬೇಕಾದದ್ದು ಮಾತ್ರೆ ಪಡೆದು ಮೂತ್ರ ಮತ್ತು ಮಲ ಎರಡೂ ಶುದ್ಧವೆಂದು ಖಚಿತವಾದ ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಎಷ್ಟು ಜನಕ್ಕೆ, ಎಷ್ಟು ತಿಂಗಳಲ್ಲಿ ಮತ್ತೆ ಸೋಂಕು ತಗಲಿತು ಎಂಬುದನ್ನು. ಅದರ ಪಕ್ಕದಲ್ಲೇ ಮರಳಿನ ಬಸವನಹುಳುಗಳ ಎಣಿಕೆ ಒಂದು ಕಾಲಂನಲ್ಲಿ, ಜೊಂಡಿನವು ಇನ್ನೊಂದರಲ್ಲಿ, ಮೀನು ಮೂರನೆಯದರಲ್ಲಿ ಇರಬೇಕು. ಮಳೆಗಾಲ ಮತ್ತು ಬೇಸಿಗೆಯ ಲೆಕ್ಕ ಬೇರೆ ಬೇರೆ. ಬಲೆ ನಿಂತ ತುಂಡು ದಡದ ಜೊತೆಗೆ ಬಲೆ ಬೀಳುತ್ತಲೇ ಇರುವ ತುಂಡನ್ನೂ ಹೀಗೆಯೇ ಅಳೆಯಬೇಕು, ಮತ್ತು ಆ ಅಳತೆ ನಿಷೇಧ ಜಾರಿಯಾಗುವ ಮೊದಲೇ ಶುರುವಾಗಬೇಕು.